ಅಪ್ಪನ ಕೋಪ ಎಲ್ಲಿ ಹೋಯಿತು?

ಕಳೆದ ವರ್ಷ ಒಂದು ಮಧ್ಯಾಹ್ನ ಹುಟ್ಟಿದ ಪ್ರಶ್ನೆಯೊಂದು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ನನ್ನ ನಾಲ್ಕು ವರ್ಷದ ಮಗಳು ಅಪ್ಪನ ಮೇಜಿನ ಮೇಲಿದ್ದ ದಿನಚರಿಯನ್ನು ನೆಲಕ್ಕೆಳೆದುಕೊಂಡು, ಅವರದೇ ಪೆನ್ನಿನಿಂದ ಪುಟದ ತುಂಬ ಗೀಚುತ್ತಿದ್ದಳು. ಖಾಲಿ ಪುಟವಾಗಿದ್ದರೆ ಮಾತು ಬೇರೆ. ಅದು ಆ ವಾರ ಅಪ್ಪ ಬರೆದು ಮುಗಿಸಿದ್ದ ಪುಟ. ನಲವತ್ತು ವರ್ಷಗಳಿಂದ, ಜ್ವರ ಬಂದ ದಿನವೂ ಬಿಡದೆ, ಎರಡೇ ಸಾಲಾದರೂ ಸರಿ ಎಂದು ಅಪ್ಪ ದಿನಚರಿ ಬರೆಯುತ್ತ ಬಂದಿದ್ದಾರೆ. ಅದನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ನಾನು ಬಾಗಿಲಿಗೆ ಬಂದು ನಿಂತ ಗಳಿಗೆಗೇ ಅಪ್ಪ ಆಚೆ ಕೋಣೆಯಿಂದ ಬಂದರು. ನನ್ನ ಹೊಟ್ಟೆ ಬಿಗಿಯಿತು. ನಲವತ್ತೆರಡರ ವಯಸ್ಸಿನಲ್ಲಿ, ಸ್ವಂತ ಸಂಸಾರ ಇರುವ ನಾನು, ಉಸಿರು ಹಿಡಿದು ನಿಂತುಬಿಟ್ಟೆ. ಅಪ್ಪ ಪುಟವನ್ನು ನೋಡಿದರು. ಕನ್ನಡಕವನ್ನು ಹಣೆಗೇರಿಸಿ, ನೋಯುವ ಮಂಡಿಯನ್ನು ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಕುಳಿತರು. “ಇದು ಯಾರು?” ಎಂದರು. “ನೀನೇ” ಎಂದಳು ಅವಳು. “ನನಗೆ ಇಷ್ಟು ಕಾಲುಗಳಿವೆಯೇ?” “ಅವು ಕಾಲಲ್ಲ, ಬೆರಳು.” ಅಪ್ಪ ತಮ್ಮ ಕೈಯನ್ನು ಪುಟದ ಪಕ್ಕಕ್ಕಿಟ್ಟು ಬೆರಳುಗಳನ್ನು ಎಣಿಸತೊಡಗಿದರು.

ನನಗೆ ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು, ಅದೂ ನನ್ನದೇ ಮಗಳ ಮೇಲೆ. ನಾನು ಜೀವಮಾನವಿಡೀ ‘ನೀವು’ ಎಂದು ಕರೆದ ಮನುಷ್ಯನನ್ನು ಅವಳು ‘ನೀನು’ ಎನ್ನುತ್ತಾಳೆ. ನಾನು ಹೆದರಿಕೊಂಡು ಬೆಳೆದ ಆ ಮುಂಗೋಪವನ್ನು ಅವಳು ಕಂಡೇ ಇಲ್ಲ. ಅದು ಎಲ್ಲಿ ಹೋಯಿತು? ಮನುಷ್ಯರು ಬದಲಾಗುತ್ತಾರೆಯೇ? ಅಥವಾ ನಾನು ನೋಡಿದ್ದು ಅಪ್ಪನ ಸ್ವಭಾವವೇ ಅಲ್ಲವೇ? ಈ ಒಂದು ವರ್ಷದಲ್ಲಿ ವ್ಯಕ್ತಿತ್ವದ ಬಗ್ಗೆ ಮನೋವಿಜ್ಞಾನಿಗಳು ಬರೆದದ್ದನ್ನು ಸಿಕ್ಕಷ್ಟು ಓದಿದ್ದೇನೆ. ಓದಿದಾಗೆಲ್ಲ ಕಣ್ಣೆದುರು ಇದ್ದದ್ದು ಎರಡೇ ಚಿತ್ರ: ಬೆರಳು ಎಣಿಸುವ ಅಪ್ಪ, ಮತ್ತು ಅದಕ್ಕೂ ಮೂವತ್ತೆರಡು ವರ್ಷ ಹಿಂದಿನ ಇನ್ನೊಬ್ಬ ಅಪ್ಪ.

ಶಾಯಿ ಚೆಲ್ಲಿದ ದಿನ

ನನಗಾಗ ಹತ್ತು ವರ್ಷ. ಅಪ್ಪ ಕಚೇರಿಯ ಲೆಕ್ಕದ ಪುಸ್ತಕವನ್ನು ಮನೆಗೆ ತಂದು ರಾತ್ರಿ ಬಹಳ ಹೊತ್ತಿನವರೆಗೆ ಕೂತು ಬರೆಯುತ್ತಿದ್ದ ದಿನಗಳು. ಲೆಕ್ಕ ಒಪ್ಪಿಸುವ ಗಡುವು ಹತ್ತಿರವಾಗಿದ್ದಿರಬೇಕು ಎಂದು ಈಗ ಊಹಿಸಬಲ್ಲೆ. ಆಗ ಗೊತ್ತಿದ್ದದ್ದು ಆ ಪುಸ್ತಕದ ದಪ್ಪ ರಟ್ಟು, ಕೆಂಪು ಗೆರೆಗಳು, ಒಂದರ ಕೆಳಗೊಂದು ನೆಟ್ಟಗೆ ನಿಂತ ಅಪ್ಪನ ಅಂಕಿಗಳು ಮಾತ್ರ. ಅವರ ಮೇಜಿನ ಮೇಲೆ ನನ್ನ ಪೆನ್ನಿಗೆ ಶಾಯಿ ತುಂಬಿಸಿಕೊಳ್ಳಲು ಹೋದೆ. ಬಾಟಲಿ ಮಗುಚಿತು. ಶಾಯಿ ಹರಿಯುವುದು ಎಷ್ಟು ನಿಧಾನವೆಂದರೆ, ಪುಸ್ತಕವನ್ನು ಎತ್ತಿಬಿಡಲು ಸಾಕಷ್ಟು ಸಮಯವಿತ್ತು ಎಂದು ಇಂದಿಗೂ ಅನ್ನಿಸುತ್ತದೆ. ನಾನು ಎತ್ತಲಿಲ್ಲ. ಅಂಕಿಗಳ ಸಾಲೊಂದು ನೀಲಿಯೊಳಗೆ ಮುಳುಗುವುದನ್ನು ನೋಡುತ್ತ ನಿಂತೆ.

ಅಪ್ಪ ಹೊಡೆಯಲಿಲ್ಲ. ಅವರು ಎಂದೂ ಹೊಡೆದವರಲ್ಲ. ಆದರೆ ಆ ದನಿ! “ಹೇಗಾಯಿತು ಇದು?” ಎಂದರು. ನನ್ನಿಂದ ಮಾತು ಹೊರಡಲಿಲ್ಲ. “ಏನಾದರೂ ಹೇಳು” ಎಂದರು. ಗೋಡೆ ನೋಡಿದೆ. “ಬಾಯಿ ಬಿಡುತ್ತೀಯೋ ಇಲ್ಲವೋ?” ಒಂದೊಂದು ಪ್ರಶ್ನೆಗೂ ದನಿ ಏರುತ್ತ ಹೋಯಿತು, ಕೊನೆಗೆ ಅಡುಗೆಮನೆಯಿಂದ ಅಮ್ಮ ಬಂದು ನನ್ನ ತೋಳು ಹಿಡಿದು ಕರೆದುಕೊಂಡು ಹೋದಳು. “ಹಠಮಾರಿ” ಎಂದು ಅಪ್ಪ ಹಿಂದಿನಿಂದ ಹೇಳಿದ್ದು ಕೇಳಿಸಿತು. ಆ ರಾತ್ರಿ ಅವರ ಕೋಣೆಯ ಬಾಗಿಲ ಕೆಳಗಿನ ಬೆಳಕಿನ ಗೆರೆ ಆರಲೇ ಇಲ್ಲ. ಆಮೇಲೆ ನಾಲ್ಕು ದಿನ ಅಪ್ಪ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ ಬೆಳಿಗ್ಗೆ ನನ್ನ ಪುಸ್ತಕದ ಮೇಲೆ ಹೊಸದೊಂದು ಪೆನ್ಸಿಲ್ ಇಟ್ಟು, ಏನೂ ಹೇಳದೆ ಕಚೇರಿಗೆ ಹೋದರು. ನನ್ನ ಮನಸ್ಸಿನಲ್ಲಿ ಅಪ್ಪ ಎಂಬ ಅಧ್ಯಾಯದ ಮೊದಲ ಪುಟ ಇದು.

‘ಅಪ್ಪನ ಸ್ವಭಾವವೇ ಹಾಗೆ’ ಎಂದು ಅಮ್ಮ ಸಮಾಧಾನ ಹೇಳುತ್ತಿದ್ದಳು. ಆ ಒಂದು ಮಾತಿನ ಬಗ್ಗೆ ಈಗ ಎಷ್ಟು ಯೋಚಿಸಿದ್ದೇನೆಂದರೆ, ಯಾರಾದರೂ ಅದನ್ನು ಆಡಿದರೆ ಕಿವಿ ನಿಮಿರುತ್ತದೆ. ಸ್ವಭಾವ ಎಂದರೆ ತನ್ನದೇ ಆದ ಇರವು. ಮಾತಿನ ಅರ್ಥದಲ್ಲೇ ಅದು ಬೇರೆಯವರಿಗೆ ಸಂಬಂಧಿಸಿದ್ದಲ್ಲ. ವ್ಯಕ್ತಿತ್ವ ಎಂಬ ಪದ ಹಾಗಲ್ಲ, ಅದರಲ್ಲಿ ‘ವ್ಯಕ್ತ’ವಾಗುವುದು ಇದೆ, ಎಂದರೆ ಹೊರಗೆ ತೋರಿಕೊಳ್ಳುವುದು. ತೋರಿಕೊಳ್ಳಬೇಕಾದರೆ ನೋಡುವವರು ಬೇಕು. ಇಂಗ್ಲಿಷಿನ ಪರ್ಸನಾಲಿಟಿಯ ಮೂಲವಾದ ಲ್ಯಾಟಿನ್ ಪದ ‘ಪರ್ಸೋನಾ’ಕ್ಕೆ ನಟನ ಮುಖವಾಡ ಎಂದು ಅರ್ಥ. ಅಲ್ಲಿಯೂ ಎದುರಿಗೆ ಸಭಿಕರಿದ್ದಾರೆ. ನಮ್ಮ ಗಾದೆಗಳು ಮಾತ್ರ ಪರಸ್ಪರ ಜಗಳಕ್ಕೆ ನಿಂತಿವೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತದೆ ಒಂದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತದೆ ಇನ್ನೊಂದು. ಎಂದರೆ ಗಿಡವಾಗಿದ್ದಾಗ ಬಗ್ಗುತ್ತದೆ. ಹುಟ್ಟಿನಿಂದಲೇ ತೀರ್ಮಾನವಾಯಿತೋ, ಬಾಲ್ಯದಲ್ಲಿ ಆಯಿತೋ ಎಂಬ ಜಗಳ ಇದು. ಮರ ಬಗ್ಗುವುದಿಲ್ಲ ಎಂಬ ವಿಷಯದಲ್ಲಿ ಮಾತ್ರ ಎರಡಕ್ಕೂ ಒಮ್ಮತ. ಹಾಗಿದ್ದರೆ ಎಪ್ಪತ್ತರ ಅಪ್ಪ ಹೇಗೆ ಬಗ್ಗಿ ನೆಲದ ಮೇಲೆ ಕುಳಿತರು?

ಹದಿನೇಳು ಸಾವಿರ ಪದ

1936ರಲ್ಲಿ ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಎಂಬ ಇಬ್ಬರು ಮನೋವಿಜ್ಞಾನಿಗಳು ದೊಡ್ಡದೊಂದು ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರೆಯಾಗಿ ತೋರಿಸುವ ಪದಗಳನ್ನೆಲ್ಲ ಹೆಕ್ಕಿದರು. 17,953 ಪದಗಳು ಸಿಕ್ಕವು. ಅವುಗಳಲ್ಲಿ ಸ್ಥಿರವಾದ ಗುಣವನ್ನು ಹೇಳುವಂಥವು 4,504. ಜನ ಶತಮಾನಗಳಿಂದ ಒಬ್ಬರನ್ನೊಬ್ಬರು ಗಮನಿಸುತ್ತ ಬಂದಿದ್ದಾರೆ, ಮುಖ್ಯವೆನಿಸಿದ ಪ್ರತಿ ವ್ಯತ್ಯಾಸಕ್ಕೂ ಒಂದು ಹೆಸರು ಕೊಟ್ಟಿದ್ದಾರೆ, ಆದ್ದರಿಂದ ಭಾಷೆಯೇ ವ್ಯಕ್ತಿತ್ವದ ಭೂಪಟ ಎಂಬ ನಂಬಿಕೆ ಈ ಕೆಲಸದ ಹಿಂದಿತ್ತು. ನನಗೆ ಈ ಯೋಚನೆ ತುಂಬ ಇಷ್ಟ. ಕನ್ನಡದಲ್ಲಿ ಯಾರಾದರೂ ಹೀಗೆ ಕುಳಿತರೆ ಎಂಥ ರಾಶಿ ಬಿದ್ದೀತು! ಸಿಡುಕ, ಮುಂಗೋಪಿ, ಮಿತಭಾಷಿ, ಬಾಯಿಬಡುಕ, ಅಂಜುಬುರುಕ, ಹಠಮಾರಿ, ಕೊಂಕುಗಾರ, ಸಾಧು. ಮುಂಗೋಪ ಎಂಬ ಪದವನ್ನೇ ನೋಡಿ. ಕಾರಣಕ್ಕಿಂತ ಮುಂದಾಗಿ ಬಂದುಬಿಡುವ ಕೋಪ. ಒಬ್ಬ ಮನುಷ್ಯನ ಅರ್ಧ ಚರಿತ್ರೆಯೇ ಆ ಒಂದು ಪದದೊಳಗೆ ಇದ್ದಂತಿದೆ.

ಆ ಸಾವಿರಾರು ಪದಗಳನ್ನು ಲೆಕ್ಕಶಾಸ್ತ್ರದ ಜರಡಿಗೆ ಹಾಕಿ ರೇಮಂಡ್ ಕ್ಯಾಟೆಲ್ ಹದಿನಾರು ಮೂಲಗುಣಗಳಿಗೆ ಇಳಿಸಿದರು, ಬೇರೆ ದಾರಿಯಿಂದ ಹೊರಟ ಹಾನ್ಸ್ ಐಸೆಂಕ್ ಮೊದಲು ಎರಡೇ ಸಾಕೆಂದರು. 1961ರಲ್ಲಿ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಎಂಬವರು ಅಮೆರಿಕದ ವಾಯುಪಡೆಗಾಗಿ ಮಾಡಿದ ಅಧ್ಯಯನದಲ್ಲಿ ಐದು ಗುಂಪುಗಳು ಮತ್ತೆ ಮತ್ತೆ ಮೇಲೆದ್ದವು. ಇಂದು ‘ಬಿಗ್ ಫೈವ್’ ಎನ್ನುವುದು ಇವನ್ನೇ: ಹೊಸತಿಗೆ ತೆರೆದ ಮನಸ್ಸು, ಶಿಸ್ತು, ಬಹಿರ್ಮುಖತೆ, ಸೌಹಾರ್ದ, ಭಾವನೆಗಳ ಅಸ್ಥಿರತೆ. ಅಪ್ಪನನ್ನು ಈ ಐದರ ಮೇಲೆ ಅಳೆದರೆ ಶಿಸ್ತು ತುದಿ ಮುಟ್ಟುತ್ತದೆ. ಸೌಹಾರ್ದ ಎಷ್ಟು ಎಂದು ನನ್ನನ್ನು ಕೇಳಿದರೆ ಒಂದು ಉತ್ತರ, ನನ್ನ ಮಗಳನ್ನು ಕೇಳಿದರೆ ಇನ್ನೊಂದು. ಇಲ್ಲಿಯೇ ನನ್ನ ಪೇಚು. ಅಪ್ಪ ಏಕೆ ಸಿಡುಕಿದರು ಎಂದರೆ ಮುಂಗೋಪಿಯಾದ್ದರಿಂದ. ಮುಂಗೋಪಿ ಎಂದು ಹೇಗೆ ತಿಳಿಯಿತು ಎಂದರೆ ಸಿಡುಕಿದ್ದರಿಂದ. ಗುಣದ ಹೆಸರು ವಿವರಣೆಯಂತೆ ಕಾಣುತ್ತದೆ, ಆದರೆ ಅದು ಪ್ರಶ್ನೆಯನ್ನೇ ಬೇರೆ ಪದದಲ್ಲಿ ಹೇಳಿದ್ದು.

ಹಾಗೆಂದು ಈ ಅಳತೆಗಳನ್ನು ತಳ್ಳಿಹಾಕಲಾರೆ. ಮರ ಬಗ್ಗುತ್ತದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಇವುಗಳಿಂದಲೇ. 1890ರಲ್ಲಿ ವಿಲಿಯಂ ಜೇಮ್ಸ್, ಮೂವತ್ತರ ಹೊತ್ತಿಗೆ ಹೆಚ್ಚಿನವರ ನಡತೆ ಗಾರೆಯಂತೆ ಗಟ್ಟಿಯಾಗಿಬಿಡುತ್ತದೆ, ಮತ್ತೆಂದೂ ಮೆತ್ತಗಾಗುವುದಿಲ್ಲ ಎಂದು ಬರೆದಿದ್ದರು. 2000ದಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ವೆಂಡಿ ಡೆಲ್‌ವೆಕ್ಕಿಯೊ, ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 152 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಒಂದು ಗುಂಪಿನವರನ್ನು ಯಾವುದೋ ಗುಣದ ಪ್ರಕಾರ ಸಾಲಾಗಿ ನಿಲ್ಲಿಸಿ, ಕೆಲವು ವರ್ಷ ಬಿಟ್ಟು ಮತ್ತೆ ನಿಲ್ಲಿಸಿದರೆ ಸಾಲು ಎಷ್ಟರಮಟ್ಟಿಗೆ ಹಾಗೆಯೇ ಉಳಿಯುತ್ತದೆ? ಸಾಲು ಚೂರೂ ಕದಲದಿದ್ದರೆ 1, ಪೂರ್ತಿ ಕಲಸಿಹೋದರೆ 0 ಎಂದಿಟ್ಟುಕೊಂಡರೆ, ಬಾಲ್ಯದಲ್ಲಿ ಆ ಹೊಂದಾಣಿಕೆ 0.31, ಮೂವತ್ತರಲ್ಲಿ 0.64, ಐವತ್ತು ದಾಟಿದ ಮೇಲೆ 0.74. ಗಾರೆ ಗಟ್ಟಿಯಾಗುವುದು ನಿಜ, ಆದರೆ ಮೂವತ್ತಕ್ಕೆ ಮುಗಿಯುವುದಿಲ್ಲ, ಪೂರ್ತಿ ಎಂದಿಗೂ ಗಟ್ಟಿಯಾಗುವುದಿಲ್ಲ. ಸಾಲು ಹಾಗೆಯೇ ಇದ್ದರೂ ಇಡೀ ಸಾಲೇ ಮುಂದೆ ಸರಿಯಬಹುದು. 2006ರಲ್ಲಿ ರಾಬರ್ಟ್ಸ್ ಮತ್ತು ಸಂಗಡಿಗರು ಇಂಥ 92 ಅಧ್ಯಯನಗಳನ್ನು ನೋಡಿದಾಗ, ವಯಸ್ಸಾದಂತೆ ಜನ ಸರಾಸರಿಯಲ್ಲಿ ಹೆಚ್ಚು ಶಿಸ್ತಿನವರೂ ಹೆಚ್ಚು ಸಮಚಿತ್ತದವರೂ ಆಗುವುದು ಕಂಡಿತು. ಅದರಲ್ಲೂ ಇಪ್ಪತ್ತರಿಂದ ನಲವತ್ತರ ನಡುವೆ.

ಅಪ್ಪನೂ ಹಾಗೆಯೇ ವಯಸ್ಸಿನೊಡನೆ ಮಾಗಿದರು, ಅಷ್ಟೇ ಎಂದು ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಆದರೆ ಶಾಯಿ ಚೆಲ್ಲಿದಾಗ ಅವರಿಗೆ ಆಗಲೇ ಮೂವತ್ತೆಂಟು, ಮತ್ತು ಸರಾಸರಿಯ ಈ ಸರಿಯುವಿಕೆ ಮೆಲ್ಲಗಿನದು. ನಾನು ಕಂಡದ್ದು ಮೆಲ್ಲಗಿನ ಬದಲಾವಣೆಯಂತಿರಲಿಲ್ಲ.

‘ಆ ಹುಡುಗ ನೀವೇ ಅಲ್ಲವೇ?’

ಇದೇ ಆಲ್‌ಪೋರ್ಟ್ ತಮ್ಮ ತಾರುಣ್ಯದ ಒಂದು ಪ್ರಸಂಗವನ್ನು ಹೇಳಿಕೊಂಡಿದ್ದಾರೆ. 1920ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅವರು ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡ್ ಅವರನ್ನು ಕಾಣಲು ಹೋದರು. ಫ್ರಾಯ್ಡ್ ಸುಮ್ಮನೆ ಕುಳಿತಿದ್ದರು. ಆ ಮೌನವನ್ನು ಹೇಗಾದರೂ ತುಂಬಬೇಕೆಂದು, ದಾರಿಯಲ್ಲಿ ಟ್ರಾಮಿನಲ್ಲಿ ಕಂಡ ಒಬ್ಬ ಪುಟ್ಟ ಹುಡುಗನ ವಿಷಯ ತೆಗೆದರು. ಆ ಹುಡುಗನಿಗೆ ಕೊಳೆಯೆಂದರೆ ವಿಪರೀತ ಭಯ, ಜೊತೆಗಿದ್ದ ತಾಯಿ ಗಂಜಿ ಹಾಕಿದ ಬಟ್ಟೆಯಂತೆ ಬಿಗಿ. ಕಥೆ ಮುಗಿದ ಮೇಲೆ ಫ್ರಾಯ್ಡ್ ಮೃದುವಾಗಿ ಕೇಳಿದರಂತೆ: “ಆ ಹುಡುಗ ನೀವೇ ಅಲ್ಲವೇ?” ಆಲ್‌ಪೋರ್ಟ್ ದಿಗ್ಭ್ರಮೆಗೊಂಡರು. ಕಣ್ಣೆದುರಿನ ಸರಳ ಕಾರಣವನ್ನು ಬಿಟ್ಟು ಆಳಕ್ಕೆ ಮುಳುಗುವುದರಲ್ಲಿ ಅಪಾಯವಿದೆ ಎಂದು ಅವರಿಗೆ ಅಂದೇ ಮನವರಿಕೆಯಾಯಿತು. ಮುಂದೆ ಅವರು ಕಟ್ಟಿದ ಮನೋವಿಜ್ಞಾನ ಆ ಕೋಣೆಯಿಂದ ಹೊರಟ ದಾರಿಯಲ್ಲಿದೆ.

ಆಲ್‌ಪೋರ್ಟ್ ಪಾಲಿಗೆ ಆ ಪ್ರಶ್ನೆ ಗುರಿ ತಪ್ಪಿದ್ದಿರಬಹುದು. ನನಗೆ ಅದು ನೇರವಾಗಿ ನಾಟಿತು. ಅಪ್ಪನ ಬಗ್ಗೆ ಯೋಚಿಸುತ್ತಿದ್ದೇನೆ ಎಂದುಕೊಂಡು ಇಷ್ಟು ದಿನವೂ ನಾನು ಯೋಚಿಸುತ್ತಿದ್ದದ್ದು ಮೇಜಿನ ಪಕ್ಕ ಗೋಡೆ ನೋಡುತ್ತ ನಿಂತ ಆ ಮಗುವಿನ ಬಗ್ಗೆ.

ಫ್ರಾಯ್ಡ್ ಮನಸ್ಸನ್ನು ಮೂರಾಗಿ ಕಂಡರು: ಹಸಿ ಬಯಕೆಗಳ ಇಡ್, ಅದನ್ನು ಹೊರಜಗತ್ತಿಗೆ ಹೊಂದಿಸುವ ಈಗೋ, ಸರಿ ತಪ್ಪು ಹೇಳಿ ಒಳಗಿನಿಂದಲೇ ಗದರಿಸುವ ಸೂಪರ್ ಈಗೋ. ಬಾಲ್ಯದ ಲೈಂಗಿಕ ಹಂತಗಳ ವಾದವನ್ನು ಇಂದು ಹೆಚ್ಚಿನವರು ಒಪ್ಪುವುದಿಲ್ಲ, ನನಗೂ ಅದು ಒಪ್ಪಿಗೆಯಾಗಲಿಲ್ಲ. ಆದರೆ 1933ರ ಉಪನ್ಯಾಸಗಳಲ್ಲಿ ಅವರು ಹೇಳಿದ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. ಮಗುವಿನ ಸೂಪರ್ ಈಗೋ ರೂಪುಗೊಳ್ಳುವುದು ತಂದೆತಾಯಿಯ ಮಾದರಿಯಲ್ಲಲ್ಲ, ಅವರ ಸೂಪರ್ ಈಗೋದ ಮಾದರಿಯಲ್ಲಿ ಎನ್ನುತ್ತಾರೆ. ಎಂದರೆ ನನ್ನೊಳಗೆ ಬಂದು ನೆಲೆಸಿದ್ದು ಅಪ್ಪನಲ್ಲ. ಅಪ್ಪನನ್ನು ಒಳಗಿನಿಂದ ಗದರಿಸುತ್ತಿದ್ದ ದನಿ. ಅಪ್ಪನ ಅಪ್ಪನನ್ನು ನಾನು ಕಂಡಿಲ್ಲ. ಒಂದು ಹಳೆಯ ಫೋಟೊದಲ್ಲಿ ಅವರು ನೆಟ್ಟಗೆ ಕುಳಿತಿದ್ದಾರೆ, ಪಕ್ಕದಲ್ಲಿ ಏಳೆಂಟು ವರ್ಷದ ಅಪ್ಪ ಇನ್ನೂ ನೆಟ್ಟಗೆ ನಿಂತಿದ್ದಾರೆ, ಕೈಗಳು ತೊಡೆಗೆ ಅಂಟಿಕೊಂಡಿವೆ. ಅಂಕಿಗಳನ್ನು ಅಷ್ಟು ನೇರವಾಗಿ ಬರೆಯುವುದನ್ನು ಆ ಹುಡುಗನಿಗೆ ಯಾರು ಕಲಿಸಿದರು, ಓರೆಯಾದಾಗ ಏನಾಗುತ್ತಿತ್ತು ಎಂದು ನಾನು ಎಂದೂ ಕೇಳಿರಲಿಲ್ಲ.

ಫ್ರಾಯ್ಡ್ ಬಾಲ್ಯದಲ್ಲೇ ಬಹುಪಾಲು ಬಾಗಿಲು ಮುಚ್ಚಿದರೆ, ಎರಿಕ್ ಎರಿಕ್ಸನ್ ಅದನ್ನು ಕೊನೆಯವರೆಗೂ ತೆರೆದಿಟ್ಟರು. 1950ರ ತಮ್ಮ ಪುಸ್ತಕದಲ್ಲಿ ಅವರು ಹುಟ್ಟಿನಿಂದ ಮುಪ್ಪಿನವರೆಗೆ ಎಂಟು ಘಟ್ಟಗಳನ್ನು ಗುರುತಿಸಿದರು. ಜಗತ್ತನ್ನು ನಂಬಬಹುದೇ ಎಂಬ ಶಿಶುವಿನ ಪ್ರಶ್ನೆಯಿಂದ ಅದು ಶುರುವಾಗುತ್ತದೆ. ಮುಂದಿನ ಪೀಳಿಗೆಗೆ ಏನನ್ನಾದರೂ ಬೆಳೆಸಿ ಕೊಡುತ್ತಿದ್ದೇನೆಯೇ ಎಂಬ ನಡುವಯಸ್ಸಿನ ಪ್ರಶ್ನೆಯನ್ನು ದಾಟಿ, ಬದುಕಿದ ಬದುಕು ತನ್ನದೆಂದು ಒಪ್ಪಿಕೊಳ್ಳಬಲ್ಲೆನೇ ಎಂಬಲ್ಲಿಗೆ ಮುಟ್ಟುತ್ತದೆ. ತಮ್ಮನ್ನು ಹುಟ್ಟಿಸಿದ ತಂದೆ ಯಾರೆಂದೇ ತಿಳಿಯದೆ ಬೆಳೆದು, ಮಲತಂದೆಯ ಹೆಸರನ್ನು ಹೊತ್ತು, ಕೊನೆಗೆ ತಮಗೆ ತಾವೇ ಎರಿಕ್ಸನ್ ಎಂಬ ಹೆಸರಿಟ್ಟುಕೊಂಡ ಮನುಷ್ಯ ಇದನ್ನು ಬರೆದರು ಎಂಬುದು ನನಗೆ ಮುಖ್ಯವೆನಿಸುತ್ತದೆ. ಈ ಘಟ್ಟಗಳನ್ನು ಗಡಿಯಾರದಂತೆ ಎಲ್ಲರಿಗೂ ಅನ್ವಯಿಸುವುದು ಕಷ್ಟ. ಆದರೂ ಮೂವತ್ತೆಂಟರ ಅಪ್ಪನಿಗೂ ಎಪ್ಪತ್ತರ ಅಪ್ಪನಿಗೂ ಎದುರಿದ್ದ ಪ್ರಶ್ನೆಗಳೇ ಬೇರೆ ಎಂಬುದನ್ನು ನನಗೆ ಕಾಣಿಸಿದವರು ಎರಿಕ್ಸನ್. ಅಂದು ಅವರು ಒಂದು ಲೆಕ್ಕವನ್ನು ಒಪ್ಪಿಸಬೇಕಿತ್ತು. ಇಂದು ಅವರಿಂದ ಲೆಕ್ಕ ಕೇಳುವವರು ಯಾರೂ ಇಲ್ಲ.

ಯಾರ ಎದುರಿಗೆ

ಅಣ್ಣನಿಗೆ ಫೋನ್ ಮಾಡಿ ಕೇಳಿದೆ: ಅಪ್ಪ ಮುಂಗೋಪಿಯೇ? ಅವನು ಸ್ವಲ್ಪ ಯೋಚಿಸಿ, “ಕೋಪ ಇತ್ತು, ಆದರೆ ಎರಡು ನಿಮಿಷದ್ದು. ನಾನು ಕೂಗುತ್ತಿದ್ದೆ, ಅವರು ಕೂಗುತ್ತಿದ್ದರು, ಆಮೇಲೆ ಏನಾಯಿತೆಂದು ಇಬ್ಬರಿಗೂ ನೆನಪಿರುತ್ತಿರಲಿಲ್ಲ” ಎಂದ. ನಾಲ್ಕು ದಿನದ ಮೌನದ ವಿಷಯ ಹೇಳಿದೆ. ಅವನಿಗೆ ಅಂಥದ್ದು ಒಮ್ಮೆಯೂ ಆಗಿರಲಿಲ್ಲ. ಒಂದೇ ಮನೆ, ಒಬ್ಬರೇ ಅಪ್ಪ. ಆದರೆ ನಾವಿಬ್ಬರೂ ಬೇರೆ ಬೇರೆ ಮನುಷ್ಯರ ಕೈಕೆಳಗೆ ಬೆಳೆದಂತಿತ್ತು.

ಇದು ನಮ್ಮೊಬ್ಬರ ಮನೆಯ ವಿಚಿತ್ರವಲ್ಲ ಎಂದು ಆಮೇಲೆ ತಿಳಿಯಿತು. 1979ರಲ್ಲಿ ಮಿನೆಸೋಟಾದಲ್ಲಿ ಆರಂಭವಾದ, ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಅಧ್ಯಯನ ಮತ್ತು ಅಂಥ ಇತರ ಅಧ್ಯಯನಗಳು ಒಟ್ಟಿನಲ್ಲಿ ಹೇಳುವುದು ಇಷ್ಟು: ವ್ಯಕ್ತಿತ್ವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇ. 40ರಿಂದ 50ರಷ್ಟನ್ನು ವಂಶವಾಹಿಗಳು ವಿವರಿಸುತ್ತವೆ. ಇದನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ನನ್ನ ಸ್ವಭಾವದ ಅರ್ಧ ಭಾಗ ಹುಟ್ಟಿನಿಂದ, ಉಳಿದರ್ಧ ಬೆಳೆದದ್ದರಿಂದ ಎಂದು ಇದರ ಅರ್ಥವಲ್ಲ. ಒಬ್ಬ ಮನುಷ್ಯನನ್ನು ಹಾಗೆ ಸೀಳಲಾಗದು. ಈ ಸಂಖ್ಯೆ ಗುಂಪಿನೊಳಗಿನ ವ್ಯತ್ಯಾಸಗಳ ಬಗ್ಗೆ ಮಾತ್ರ ಮಾತಾಡುತ್ತದೆ. ಅದಕ್ಕಿಂತ ಅಚ್ಚರಿಯದು ಉಳಿದ ಭಾಗದ ಸಂಗತಿ. ಒಂದೇ ಮನೆಯಲ್ಲಿ ಬೆಳೆದದ್ದರಿಂದ ಒಡಹುಟ್ಟಿದವರು ಒಬ್ಬರನ್ನೊಬ್ಬರು ಹೋಲುವುದು ತೀರ ಕಡಿಮೆ. 1987ರಲ್ಲಿ ರಾಬರ್ಟ್ ಪ್ಲೋಮಿನ್ ಮತ್ತು ಡೆನಿಸ್ ಡೇನಿಯಲ್ಸ್ ಒಂದೇ ಕುಟುಂಬದ ಮಕ್ಕಳು ಏಕೆ ಇಷ್ಟು ಬೇರೆ ಎಂದು ಕೇಳಿದ್ದು ಇದಕ್ಕಾಗಿಯೇ. ಮನೆ ಮುಖ್ಯವಲ್ಲ ಎಂದಲ್ಲ, ಅದೇ ಮನೆ ಪ್ರತಿ ಮಗುವಿಗೂ ಬೇರೆ ಮನೆಯಾಗಿರುತ್ತದೆ ಎಂದು ನಾನು ಓದಿಕೊಂಡೆ.

ನನ್ನ ನಂಬಿಕೆಯ ಬುಡ ಅಲುಗಿದ್ದು ವಾಲ್ಟರ್ ಮಿಷೆಲ್ ಅವರನ್ನು ಓದಿದಾಗ. 1968ರಲ್ಲಿ ಅವರು ಹಾಕಿದ ಪ್ರಶ್ನೆ ಆ ಕ್ಷೇತ್ರವನ್ನೇ ಎರಡು ದಶಕ ಕಲಕಿತು. ಪ್ರಶ್ನಾವಳಿಯಲ್ಲಿ ಅಳೆದ ಗುಣಕ್ಕೂ, ನಿರ್ದಿಷ್ಟ ಸನ್ನಿವೇಶದಲ್ಲಿ ಆ ವ್ಯಕ್ತಿ ನಿಜವಾಗಿ ನಡೆದುಕೊಳ್ಳುವುದಕ್ಕೂ ಇರುವ ಸಂಬಂಧ ಸಾಮಾನ್ಯವಾಗಿ 0.30ರ ಆಸುಪಾಸಿನಲ್ಲಿ ನಿಲ್ಲುತ್ತದೆ ಎಂದು ಅವರು ತೋರಿಸಿದರು. ಇದು ಹೊಸ ಅನುಮಾನವೂ ಆಗಿರಲಿಲ್ಲ. 1928ರಲ್ಲೇ ಹಾರ್ಟ್‌ಶೋರ್ನ್ ಮತ್ತು ಮೇ ಸಾವಿರಾರು ಶಾಲಾಮಕ್ಕಳನ್ನು ಪರೀಕ್ಷಿಸಿ, ಒಂದೆಡೆ ಮೋಸ ಮಾಡಿದ ಮಗು ಇನ್ನೊಂದೆಡೆ ಪ್ರಾಮಾಣಿಕವಾಗಿರಬಲ್ಲದು ಎಂದು ಕಂಡಿದ್ದರು. ಹಾಗಾದರೆ ವ್ಯಕ್ತಿತ್ವ ಎಂಬುದೇ ಭ್ರಮೆಯೇ? ಮಿಷೆಲ್ ಅಲ್ಲಿಗೆ ನಿಲ್ಲಲಿಲ್ಲ. ಯುಇಚಿ ಶೋಡಾ ಮತ್ತು ಇತರರೊಂದಿಗೆ ಮಕ್ಕಳ ಬೇಸಿಗೆ ಶಿಬಿರವೊಂದರಲ್ಲಿ ಒಂದೊಂದು ಮಗುವನ್ನೂ ನೂರಕ್ಕೂ ಹೆಚ್ಚು ಗಂಟೆ ಗಮನಿಸಿದರು. ಜಗಳಗಂಟರೆಂದು ಹೆಸರಾದ ಇಬ್ಬರು ಮಕ್ಕಳು ಒಟ್ಟು ಲೆಕ್ಕದಲ್ಲಿ ಸಮಾನರಾಗಿರಬಹುದು. ಆದರೆ ಒಬ್ಬ ಸಿಡಿಯುವುದು ದೊಡ್ಡವರು ಎಚ್ಚರಿಸಿದಾಗ, ಇನ್ನೊಬ್ಬ ಸಿಡಿಯುವುದು ಜೊತೆಗಾರರು ಹತ್ತಿರ ಬಂದಾಗ. ಈ ವಿನ್ಯಾಸ ದಿನದಿಂದ ದಿನಕ್ಕೆ ಬದಲಾಗುತ್ತಿರಲಿಲ್ಲ. ಸ್ಥಿರವಾಗಿರುವುದು ಗುಣದ ಪ್ರಮಾಣವಲ್ಲ. ‘ಹೀಗಾದರೆ ಹಾಗೆ’ ಎಂಬ ಕಟ್ಟು. ಅದೇ ಮನುಷ್ಯನ ಸಹಿ.

ಇದನ್ನು ಓದಿ ಪುಸ್ತಕ ಮುಚ್ಚಿದೆ. ಅಪ್ಪನ ಕೋಪ ‘ಹಾಗೆ’ ಎಂಬುದಾದರೆ, ‘ಹೀಗಾದರೆ’ ಎಂಬ ಜಾಗದಲ್ಲಿ ಏನಿತ್ತು? ಶಾಯಿಯೆಂದುಕೊಂಡಿದ್ದೆ. ಆದರೆ ಅಣ್ಣ ಅದಕ್ಕಿಂತ ದೊಡ್ಡದನ್ನು ಹಾಳುಮಾಡಿದ್ದಾನೆ. ನನ್ನ ಮಗಳು ದಿನಚರಿಯನ್ನೇ ಹಾಳುಮಾಡಿದ್ದಾಳೆ. ಉಳಿದದ್ದು ಒಂದೇ: ಆ ಜಾಗದಲ್ಲಿ ನಾನಿದ್ದೆ.

ಮಾತಾಡದ ಮಗು

ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ನೂರಕ್ಕೂ ಮಿಕ್ಕಿದ ಶಿಶುಗಳನ್ನು ಹುಟ್ಟಿನಿಂದಲೇ ಗಮನಿಸಲು ತೊಡಗಿದರು. ಆ ಕಾಲದಲ್ಲಿ ಮಗುವಿನ ಕಷ್ಟಕ್ಕೆಲ್ಲ ತಾಯಿಯನ್ನು ದೂರುವುದು ವಾಡಿಕೆಯಾಗಿತ್ತು. ಮಕ್ಕಳು ಮೊದಲ ತಿಂಗಳುಗಳಲ್ಲೇ ತಮ್ಮದೇ ಮನೋಧರ್ಮವನ್ನು ತೋರುತ್ತವೆ ಎಂದು ಇವರು ಕಂಡುಕೊಂಡರು. ಶೇ. 40ರಷ್ಟು ಮಕ್ಕಳು ಸುಲಭ, ಶೇ. 10ರಷ್ಟು ಕಷ್ಟ, ಶೇ. 15ರಷ್ಟು ಹೊಸತಿಗೆ ನಿಧಾನವಾಗಿ ಒಗ್ಗುವಂಥವು. ಉಳಿದವು ಯಾವ ಗುಂಪಿಗೂ ಸೇರಲಿಲ್ಲ. ಈ ಗುಂಪುಗಳಿಗಿಂತ ನನಗೆ ಬೆಲೆಯುಳ್ಳದ್ದು ಅವರ ಇನ್ನೊಂದು ಮಾತು, ‘ಹೊಂದಿಕೆ’ಯದು. ಮನೋಧರ್ಮದಲ್ಲಿ ಒಳ್ಳೆಯದು ಕೆಟ್ಟದ್ದು ಎಂಬುದಿಲ್ಲ. ಮಗುವಿನ ರೀತಿಗೂ ಸುತ್ತಲಿನವರ ನಿರೀಕ್ಷೆಗೂ ಹೊಂದಿಕೆಯಾಯಿತೇ ಇಲ್ಲವೇ ಎಂಬುದರ ಮೇಲೆ ಮುಂದಿನದು ನಿಂತಿರುತ್ತದೆ. ಪ್ರೀತಿಗೆ ಷರತ್ತು ಹಾಕಿದಾಗ ಮಗು ತನ್ನ ಒಂದು ಭಾಗವನ್ನು ಅಡಗಿಸಿಡುತ್ತದೆ ಎಂಬ ಕಾರ್ಲ್ ರಾಜರ್ಸ್ ಅವರ ಮಾತೂ ಇದರ ಹತ್ತಿರದ್ದೇ. ಆದರೆ ನಮ್ಮ ಮನೆಯಲ್ಲಿ ಷರತ್ತು ಇತ್ತೆಂದು ನನಗೆ ಅನ್ನಿಸುವುದಿಲ್ಲ. ಇದ್ದದ್ದು ಒಬ್ಬರನ್ನೊಬ್ಬರು ತಪ್ಪಾಗಿ ಓದಿದ್ದು.

ಜೆರೋಮ್ ಕಾಗನ್ ಹಾರ್ವರ್ಡ್‌ನಲ್ಲಿ ನಾಲ್ಕು ತಿಂಗಳ ಶಿಶುಗಳಿಗೆ ಹೊಸ ಸದ್ದು, ಹೊಸ ಆಟಿಕೆ, ಹೊಸ ವಾಸನೆಗಳನ್ನು ಒಡ್ಡಿ ನೋಡಿದರು. ಐದರಲ್ಲೊಂದು ಶಿಶು ಕೈಕಾಲು ಬಡಿದು, ಬೆನ್ನು ಬಿಲ್ಲಾಗಿಸಿ ಅಳುತ್ತಿತ್ತು. ಆ ಮಕ್ಕಳಲ್ಲಿ ಎಷ್ಟೋ ಮಂದಿ ಎರಡನೆಯ ವರ್ಷದಲ್ಲಿ ಅಪರಿಚಿತವಾದದ್ದರ ಎದುರು ಬೇರೆಯದೇ ರೀತಿ ತೋರಿದರು: ಸ್ತಬ್ಧರಾಗಿ, ಮಾತು ನಿಲ್ಲಿಸಿ, ನೋಡುತ್ತ ನಿಲ್ಲುವುದು. ಎಲ್ಲರೂ ಹಾಗೆ ಆಗಲಿಲ್ಲ, ಆದವರೂ ಹಾಗೆಯೇ ಉಳಿಯಲಿಲ್ಲ. ಕಾಗನ್ ಇದನ್ನು ಒತ್ತಿ ಹೇಳುತ್ತಾರೆ. ಆದರೆ ಆ ಸ್ತಬ್ಧತೆಯ ವರ್ಣನೆ ಓದುವಾಗ ನನ್ನ ಕೈ ತಣ್ಣಗಾಯಿತು. ಭಯಪಟ್ಟ ಮಗು ಅಳಲೇಬೇಕೆಂದಿಲ್ಲ. ಹೊರಗಿನಿಂದ ನೋಡುವವರಿಗೆ ಅದು ಕಲ್ಲಿನಂತೆ ನಿಂತ ಮಗು. ಮೂರು ಬಾರಿ ಕೇಳಿದರೂ ಬಾಯಿ ಬಿಡದ, ಗೋಡೆ ನೋಡುವ, ಹಠಮಾರಿ ಮಗು. ನಾನು ಹೆಪ್ಪುಗಟ್ಟಿದಷ್ಟೂ ಅಪ್ಪನಿಗೆ ಅದು ಉದ್ಧಟತನವಾಗಿ ಕಂಡಿರಬೇಕು, ದನಿ ಏರಿದಷ್ಟೂ ನಾನು ಇನ್ನಷ್ಟು ಹೆಪ್ಪುಗಟ್ಟಿದೆ. ಅಣ್ಣ ಕೂಗಿ ಆ ಸುತ್ತನ್ನು ಮುರಿಯುತ್ತಿದ್ದ. ನನ್ನ ಮಗಳು ‘ನೀನೇ’ ಎಂದು ಉತ್ತರ ಕೊಟ್ಟು, ಅದು ಶುರುವಾಗುವುದಕ್ಕೇ ಬಿಡಲಿಲ್ಲ.

ಹೀಗೆ ಬರೆಯುವಾಗ ತಪ್ಪು ಮಗುವಿನದು ಎಂದಂತೆ ಕೇಳಿಸಬಾರದು. ಮೂವತ್ತೆಂಟರ ಮನುಷ್ಯ ಹತ್ತರ ಮಗುವನ್ನು ಓದಬೇಕಿತ್ತು, ಹತ್ತರ ಮಗು ಮೂವತ್ತೆಂಟರವನನ್ನಲ್ಲ. ಇದರಲ್ಲಿ ನನಗೆ ಅನುಮಾನವಿಲ್ಲ.

ಜಾರ್ಜ್ ಕೆಲಿ ಎಂಬ ಮನೋವಿಜ್ಞಾನಿ 1955ರಲ್ಲಿ, ಪ್ರತಿ ಮನುಷ್ಯನೂ ತನ್ನದೇ ಕಲ್ಪನೆಗಳ ಚೌಕಟ್ಟಿನಿಂದ ಜಗತ್ತನ್ನು ಊಹಿಸುವ ವಿಜ್ಞಾನಿ ಎಂಬ ಸಿದ್ಧಾಂತ ಕಟ್ಟಿದರು. ಅವರ ಒಂದು ಸಲಹೆ ಬಹಳ ಸರಳ: ಒಬ್ಬನಿಗೆ ಏನಾಗಿದೆ ಎಂದು ತಿಳಿಯದಿದ್ದರೆ ಅವನನ್ನೇ ಕೇಳಿ, ಹೇಳಿದರೂ ಹೇಳಬಹುದು. ಡ್ಯಾನ್ ಮ್ಯಾಕ್‌ಆಡಮ್ಸ್ 1995ರಲ್ಲಿ ಇದನ್ನು ಬೇರೆ ರೀತಿಯಲ್ಲಿ ಮುಂದಿಟ್ಟರು. ಗುಣಗಳ ಪಟ್ಟಿಯಿಂದ ತಿಳಿಯುವುದು ಅಪರಿಚಿತನ ಬಗ್ಗೆ ತಿಳಿಯಬಹುದಾದಷ್ಟೇ. ಅದರ ಕೆಳಗೆ ಅವನ ಗುರಿ, ಚಿಂತೆ, ಹೊಣೆಗಳ ಪದರವಿದೆ. ಅದಕ್ಕೂ ಕೆಳಗೆ ಅವನು ತನ್ನ ಬದುಕಿನ ಬಗ್ಗೆ ತಾನೇ ಹೇಳಿಕೊಳ್ಳುವ ಕಥೆಯಿದೆ. ಅಪ್ಪನ ಮೊದಲ ಪದರವನ್ನು ನಾನು ಬಾಯಿಪಾಠ ಮಾಡಿದ್ದೆ. ಎರಡನೆಯದನ್ನು ಈಗೀಗ ಊಹಿಸುತ್ತಿದ್ದೆ. ಮೂರನೆಯದನ್ನು ಕೇಳಲು ನಲವತ್ತೆರಡು ವರ್ಷದಲ್ಲಿ ಒಮ್ಮೆಯೂ ಬಾಯಿ ತೆರೆದಿರಲಿಲ್ಲ.

ಹೋದ ತಿಂಗಳು ಕೇಳಿದೆ. ಅಪ್ಪ ಒಬ್ಬರೇ ಕುಳಿತಿದ್ದರು. “ನಾನು ಲೆಕ್ಕದ ಪುಸ್ತಕದ ಮೇಲೆ ಶಾಯಿ ಚೆಲ್ಲಿದ್ದು ನಿಮಗೆ ನೆನಪಿದೆಯೇ?” ಎಂದೆ. ಅವರು ನನ್ನನ್ನು ಬಹಳ ಹೊತ್ತು ನೋಡಿದರು. “ನೀನು ಅಳಲಿಲ್ಲ” ಎಂದರು. “ಅಷ್ಟು ಕೂಗಿದರೂ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ನನಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ನಿನಗೆ ನನ್ನ ಭಯವೇ ಇಲ್ಲ ಎಂದುಕೊಂಡೆ.” ನಾನು ಏನೋ ಹೇಳಲು ಹೊರಟೆ, ಹಳೆಯ ಅಭ್ಯಾಸದಂತೆ ಗಂಟಲು ಕಟ್ಟಿತು. ಅಪ್ಪ ಎದ್ದು ಒಳಗೆ ಹೋದರು. ಕಪಾಟಿನ ಮೇಲಿನ ಅರೆಯಿಂದ ದಿನಚರಿಗಳನ್ನು ಒಂದೊಂದಾಗಿ ತೆಗೆದು ವರ್ಷ ನೋಡುತ್ತಿರುವ ಸದ್ದು ಕೇಳಿಸಿತು. ರಟ್ಟು ಸಡಿಲವಾದ ಒಂದನ್ನು ತಂದು, ಪುಟ ಹುಡುಕಿ, ನನ್ನ ಕೈಗೆ ಕೊಟ್ಟರು.

ಅದೇ ನೆಟ್ಟಗಿನ ಅಕ್ಷರ. ‘ಲೆಕ್ಕದ ಪುಸ್ತಕ ಹಾಳಾಯಿತು. ರಾತ್ರಿ ಮೂರರವರೆಗೆ ಕೂತು ಮತ್ತೆ ಬರೆದೆ.’ ಮರುದಿನ: ‘ಲೆಕ್ಕ ಒಪ್ಪಿಸಿದೆ. ಮಗು ಮಾತಾಡಲಿಲ್ಲ.’ ಅದರ ಮರುದಿನ: ‘ಇಂದೂ ಮಾತಾಡಲಿಲ್ಲ.’ ಆಮೇಲಿನ ಪುಟದಲ್ಲಿ ಮೊದಲು ಏನೋ ಬರೆದು ಹೊಡೆದುಹಾಕಿದ್ದರು. ಅದರ ಕೆಳಗೆ ‘ಇಂದೂ ಇಲ್ಲ’ ಎಂದಷ್ಟೇ ಇತ್ತು. ಐದನೆಯ ದಿನದ ಪುಟದಲ್ಲಿ ಎರಡು ಸಾಲು. ‘ಬೆಳಿಗ್ಗೆ ಎದ್ದೊಡನೆ ಬಂದು ಪೆನ್ಸಿಲ್ ಕೇಳಿತು. ಹೊಸದು ಕೊಟ್ಟೆ.’

ನಾನು ಪೆನ್ಸಿಲ್ ಕೇಳಿದ್ದು ನನಗೆ ನೆನಪಿಲ್ಲ.